ಯುಗಾದಿಯಲ್ಲಿ ಕೊಯ್ದ ರಾಗಿ

“ನೀವೇ ಒಂದ್ಸಲ ಓದಿ ಸಾ, ಆಮೇಲೆ ನಾನು ಒಪ್ಪಿಸ್ತೀನಿ” ಎಂದು ನನ್ನ ಮಗಳು ಪುಸ್ತಕವನ್ನು ಹೆಡ್‌ಮಾಸ್ಟರರಿಗೇ ಹಿಂದಿರುಗಿಸಿದಳು. ಓದಲು ಕೂತರೆ ಕಣ್ಣಿಗೆ ಅಕ್ಷರಗಳೆಲ್ಲ ಅದಲುಬದಲಾಗಿ ಕಾಣುವ ಈ ಜಾಣೆಯನ್ನು ಹಾಸನದ ಶಾಲೆಗಳು ಐದನೇ ಕ್ಲಾಸಿಗೆ ಸೇರಿಸಿಕೊಂಡಿರಲಿಲ್ಲ. ಹೊಳೆನರಸೀಪುರದ ಈ ಮಿಡ್ಲ್‌ಸ್ಕೂಲೇ ನನ್ನ ಕೊನೆಯ ಆಸೆಯಾಗಿತ್ತು.

ಅವರು ಪಾಠ ಓದಿದರು. ಅವಳು ಒಂದು ಮಾತೂ ಬಿಡದೆ ಒಪ್ಪಿಸಿ, “ಯುಗಾದಿಲಿ ರಾಗಿ ಕುಯ್ದ್ರು ಅಂತ ಐತಲ್ಲ, ಆಗ ವಲ್ದಲ್ಲಿ ರಾಗಿ ಎಲ್ಲಿರ್ತದೆ ಸಾ?” ಎಂದಳು.

ಮೇಷ್ಟ್ರು ಪುಟವನ್ನು ಮತ್ತೆ ನೋಡಿ ಜೋರಾಗಿ ನಕ್ಕರು. “ಓದೋ ಕೆಲ್ಸ ನಮ್ಗಿರ್ಲಿ ಕಣವ್ವಾ. ತಪ್ಪು ಇಡಿಯೋಕೆ ನಾಳೆಯಿಂದ ನೀನು ಬಾ.”

ಈಗಲೂ ಮನೆಯಲ್ಲಿ ಓದುವವಳು ನಾನು, ತಪ್ಪು ಹಿಡಿಯುವವಳು ಅವಳು. ನಾನು ಬರೆದ ಇದನ್ನೂ ಅವಳಿಗೆ ಓದಿ ಹೇಳಿದೆ. “ನೀನು ಅಲ್ಲೇ ಗೊಳೋ ಅಂತ ಅತ್ತಿದ್ದನ್ನ ಬಿಟ್ಬುಟ್ಟಿದ್ದೀಯಲ್ಲವ್ವಾ” ಎಂದಳು.