ನಾಯಿಗೆ ವಿಷ ಹಾಕಿದವರು

ಕಮಲಾಪುರದಲ್ಲಿರುವ ನನ್ನ ಅಣ್ಣನಿಗೆ ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧ ಮಾರುವ ಅಂಗಡಿ ಇದೆ. ಊರಿನಲ್ಲಿ ಅವನ ಮಾತಿಗೆ ತೂಕವಿದೆ. ಯಾವ ಹುಳಕ್ಕೆ ಯಾವ ಬಾಟಲಿ ಎಂದು ಕೇಳಿಕೊಂಡು ಬರುವ ರೈತರು ಎದುರಿಗೆ ನಿಲ್ಲುವುದನ್ನು ನೋಡಿ ನೋಡಿ, ತನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ನಂಬಿಕೆ ಅವನಲ್ಲಿ ಬೇರೂರಿಬಿಟ್ಟಿದೆ. ಈಗ ಅಣ್ಣ ತಂಗಿ ನಾವಿಬ್ಬರೂ ಮಾತಾಡುವುದು ಕಡಿಮೆ. ಅದಕ್ಕೆಲ್ಲ ನಾಯಿಯೇ ಕಾರಣ ಎನ್ನುತ್ತಾಳೆ ಅವ್ವ. ಆ ನಾಯಿ ಪಾಪ, ಯಾವುದಕ್ಕೂ ಕಾರಣವಾಗಿರಲಿಲ್ಲ.

ಕೆಂದು ಬಣ್ಣದ, ಒಂದು ಕಿವಿ ಸದಾ ಮಡಚಿಕೊಂಡೇ ಇದ್ದ ನಾಯಿ. ಅಂಗಡಿಯ ಮುಂದೆ ಮರಿಯಾಗಿ ಸಿಕ್ಕಿದ್ದು. ಬೆಳೆದ ಮೇಲೆ ಅದು ಅರ್ಧ ದಿನ ಅಣ್ಣನ ಮನೆಯಲ್ಲಿ, ಅರ್ಧ ದಿನ ಹಿಂದಿನ ಮನೆಯಲ್ಲಿ ಇರುತ್ತಿತ್ತು. ಹಿಂದಿನ ಮನೆಯವರೆಂದರೆ ಒಬ್ಬ ಬಸ್ ಕಂಡಕ್ಟರ್ ಮತ್ತು ಅಂಗನವಾಡಿಯಲ್ಲಿ ಕಲಿಸುವ ಅವನ ಹೆಂಡತಿ. ಅವರ ಹಿರಿಯರು ನಮ್ಮಂಥವರ ಹೊಲಗಳಲ್ಲಿ ಕೂಲಿ ಮಾಡಿದವರು. ಇವರು ಓದಿ, ನೌಕರಿ ಹಿಡಿದು, ನಮ್ಮ ಓಣಿಯಲ್ಲೇ ಜಾಗ ಕೊಂಡು ಮಹಡಿ ಮನೆ ಕಟ್ಟಿದರು. ಬಾಗಿಲ ಮೇಲೆ ಬುದ್ಧನ ಚಿತ್ರ ಹಾಕಿದರು. ಆ ಮಹಡಿ ಅಣ್ಣನ ಕಣ್ಣಿಗೆ ಮೊದಲ ದಿನದಿಂದ ಚುಚ್ಚುತ್ತಿತ್ತು. ಅಲ್ಲಿ ಸಿಗುತ್ತಿದ್ದ ರೊಟ್ಟಿ ಮಾತ್ರ ನಾಯಿಗೆ ರುಚಿಯಾಗಿತ್ತು.

ಅಣ್ಣನ ಮಗಳ ಕುಬಸವೆಂದು ನಾನು ಕಲಬುರಗಿಯಿಂದ ಹೋಗಿದ್ದೆ. ಬಸುರಿ ಹುಡುಗಿ ಹಸಿರು ಸೀರೆಯುಟ್ಟು, ಕೈತುಂಬ ಬಳೆ ತೊಟ್ಟು ಕೂತಿದ್ದಳು. ಊಟ ಮುಗಿದ ಮೇಲೆ ಅಣ್ಣ ಬೀಗರಿಗೆ ನಾಯಿಯ ಆಟ ತೋರಿಸಲು ನಿಂತ. ಶಿರಾಕ್ಕೆಂದು ತರಿಸಿ ಉಳಿದಿದ್ದ ಒಣದ್ರಾಕ್ಷಿಯ ಡಬ್ಬಿ ಅವನ ಕೈಯಲ್ಲಿತ್ತು. ಒಂದೊಂದೇ ದ್ರಾಕ್ಷಿಯನ್ನು ಮೇಲಕ್ಕೆ ಎಸೆಯುತ್ತಿದ್ದ. ನಾಯಿ ಹಿಂಗಾಲ ಮೇಲೆ ಎದ್ದು ಗಾಳಿಯಲ್ಲೇ ಹಿಡಿಯುತ್ತಿತ್ತು. ಬೀಗರು ನಕ್ಕರು, ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಡಬ್ಬಿಗೆ ಕೈ ಹಾಕಿದರು. ಕೊನೆಗೆ ಅಣ್ಣ ಉಳಿದದ್ದನ್ನೆಲ್ಲ ಅಂಗೈಗೆ ಸುರಿದುಕೊಂಡು ಅದರ ಬಾಯಿಗೆ ಹಿಡಿದ. ಅದರಲ್ಲಿ ಕೇಡಿದೆ ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಆ ಗೊತ್ತಿಲ್ಲದಿರುವಿಕೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಮರುದಿನ ಬೆಳಗ್ಗೆ ನಾನು ಹಲ್ಲುಜ್ಜುತ್ತಾ ಹಿತ್ತಲಿಗೆ ಬಂದಾಗ ನಾಯಿ ಬೇವಿನ ಬುಡದಲ್ಲಿ ಬಿದ್ದುಕೊಂಡಿತ್ತು. ಸುತ್ತ ಅಲ್ಲಲ್ಲಿ ವಾಂತಿ. ಕರೆದರೆ ಬಾಲ ಒಂದಿಷ್ಟು ಆಡಿಸಿತೇ ಹೊರತು ಏಳಲಿಲ್ಲ. ಅಣ್ಣ ಬಂದು ಬಗ್ಗಿ ನೋಡಿದ.

"ವಿಷ ಹಾಕ್ಯಾರ," ಎಂದ.

"ಯಾರ್ ಹಾಕ್ತಾರ ಅಣ್ಣಾ? ನಿನ್ನೆ ಏನರೆ ಹೆಚ್ಚಿಗಿ ತಿಂದಿರಬೇಕು."

"ನಾ ದಿನಾ ಔಷಧ ಮಾರಾಂವ. ವಿಷ ಅಂದ್ರ ನನಗ ಗೊತ್ತಿಲ್ಲೇನು?"

ನಮ್ಮ ಮನೆಯ ಸುತ್ತ ಮನೆಗಳಿಗೇನು ಕಡಿಮೆಯಿಲ್ಲ. ಎಡಕ್ಕೆ ಸೋದರತ್ತೆಯ ಮನೆ, ಬಲಕ್ಕೆ ಕಿರಾಣಿ ಅಂಗಡಿಯವರು, ಎದುರಿಗೆ ಇನ್ನೊಬ್ಬರು. ನಾಯಿ ಎಲ್ಲ ಕಡೆಗೂ ಹೋಗುತ್ತಿತ್ತು. ಅಣ್ಣ ಅತ್ತಿತ್ತ ನೋಡಲಿಲ್ಲ, ನೇರವಾಗಿ ಹಿಂದಿನ ಮನೆಯ ಬಾಗಿಲಿಗೇ ಹೋದ. ಅವನ ಕಾಲು ಆ ಕಡೆಗೇ ಯಾಕೆ ಹೋಯಿತು ಎಂದು ಓಣಿಯಲ್ಲಿ ಯಾರಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ.

"ಹೊರಗ ಬಾ! ಮೂಕ ಪ್ರಾಣಿಗಿ ವಿಷ ಹಾಕ್ತೀರೇನು? ಮಹಡಿ ಕಟ್ಟಿದ ಕೂಡಲೇ ದೊಡ್ಡ ಮನಷ್ಯಾ ಆಗಲ್ಲ. ಬುದ್ಧಿ ಮೊದಲಿಂದೇ ಉಳದದ!"

ಕಂಡಕ್ಟರ್ ಡ್ಯೂಟಿಗೆ ಹೋಗಿದ್ದ. ಅವನ ಹೆಂಡತಿ ಅಂಗನವಾಡಿಗೆ ಹೊರಟು ನಿಂತವಳು ಹೊರಗೆ ಬಂದಳು. ಅಣ್ಣನ ಮಾತು ಪೂರ್ತಿ ಕೇಳಿದಳು. ಅಷ್ಟರಲ್ಲಿ ಓಣಿಯ ಎಲ್ಲ ಬಾಗಿಲುಗಳಲ್ಲೂ ಜನ ನಿಂತಿದ್ದರು.

"ನಿನ್ನೆ ಇಡೀ ದಿನ ನಾವು ಮನ್ಯಾಗ ಇರಲಿಲ್ರಿ, ನಮ್ಮ ಅಕ್ಕನ ಊರಿಗಿ ಹೋಗಿದ್ವಿ," ಎಂದಳು. "ಮೊದಲ ಅದನ್ನ ದವಾಖಾನಿಗಿ ಒಯ್ಯರಿ. ಆಮ್ಯಾಲ ನನ್ನ ಬೈರಿ, ಎಲ್ಲೂ ಓಡಿ ಹೋಗಲ್ಲ."

ಅಣ್ಣ ದವಾಖಾನೆಯ ಮಾತು ಕೇಳಿಸಿಕೊಳ್ಳಲೇ ಇಲ್ಲ. ಅಂಗಿ ಹಾಕಿಕೊಂಡು ಪೊಲೀಸ್ ಠಾಣೆಗೆ ಹೋದ. ನಾಯಿಯ ಮೇಲಿನ ಪ್ರೀತಿ ಅಂದರೆ ಇದು! ನಾಯಿ ಹಿತ್ತಲಲ್ಲಿ ಬಿದ್ದಿದೆ, ಯಜಮಾನ ಠಾಣೆಯಲ್ಲಿ ಕೂತಿದ್ದಾನೆ. ನಾನೇ ಒಂದು ಗೂಡ್ಸ್ ಆಟೊ ಕರೆಸಿ, ಅಣ್ಣನ ಹೆಂಡತಿ ನಮ್ಮ ವೈನಿಯ ಹಳೆಯ ಕೌದಿಯಲ್ಲಿ ನಾಯಿಯನ್ನು ಮಲಗಿಸಿಕೊಂಡು ಕಲಬುರಗಿಗೆ ಹೊರಟೆ. ದಾರಿಯುದ್ದಕ್ಕೂ ಅದು ನನ್ನ ಮೊಣಕಾಲ ಮೇಲೆ ತಲೆಯಿಟ್ಟು ನಡುಗುತ್ತಿತ್ತು. ಜಗತ್ ಸರ್ಕಲ್‌ನ ಗದ್ದಲದಲ್ಲಿ ಆಟೊ ಸಿಕ್ಕಿಕೊಂಡಾಗ ಹಾರ್ನ್ ಸದ್ದಿಗೆ ಒಮ್ಮೆ ತಲೆಯೆತ್ತಿತು, ಮತ್ತೆ ಇಟ್ಟುಬಿಟ್ಟಿತು.

ದನದ ಡಾಕ್ಟರು ಅನ್ನುತ್ತೇವಲ್ಲ, ದವಾಖಾನೆಯಲ್ಲಿದ್ದಾಕೆ ಅಂಥ ಡಾಕ್ಟರೇ. ಆದರೆ ನಾಯಿ ಬೆಕ್ಕುಗಳನ್ನಷ್ಟೇ ನೋಡುತ್ತಾರೆ. ಮೇಜಿನ ಮೇಲೆ ಮಲಗಿಸಿದ ಕೂಡಲೇ ನಾಯಿ ಮತ್ತೆ ವಾಂತಿ ಮಾಡಿಕೊಂಡಿತು. ಡಾಕ್ಟರು ಕೈಗವಸು ಹಾಕಿಕೊಂಡು ಅದನ್ನು ಕೆದಕಿ ನೋಡಿದರು. ನೀರು ಕುಡಿದು ಉಬ್ಬಿದ, ಹೆಚ್ಚೂಕಡಿಮೆ ಇಡಿಯಾಗಿಯೇ ಇದ್ದ ದ್ರಾಕ್ಷಿಗಳು.

"ಇದನ್ನ ಎಷ್ಟು ತಿನ್ನಿಸೀರಿ?" ಎಂದು ಕೇಳಿದರು.

ನಾನು ಆಟದ ವಿಷಯ ಹೇಳಿದೆ. ಅವರು ಕೈಗವಸು ಕಳಚಿದರು.

"ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗೆ ಕೊಡಬಾರದ್ರಿ. ಕಿಡ್ನಿ ಹಾಳಾಗ್ತಾವ. ಕೆಲವು ನಾಯಿಗೆ ಏನೂ ಆಗಲ್ಲ, ಕೆಲವಕ್ಕ ಒಂದು ಹಿಡಿನೇ ಸಾಕಾಗ್ತದ. ಯಾವುದಕ್ಕ ಆಗ್ತದ, ಯಾವುದಕ್ಕ ಆಗಲ್ಲ ಅಂತ ಮೊದಲೇ ಹೇಳಲಿಕ್ಕೆ ಬರಲ್ಲ. ತಿಂದ ಕೂಡಲೇ ತಂದಿದ್ರ ವಾಂತಿ ಮಾಡಿಸಿ ತೆಗೀಬಹುದಿತ್ತು."

"ಬ್ಯಾರೆ ವಿಷ ಯಾರರೆ ಹಾಕಿರಬಹುದಾ ಮೇಡಂ?"

"ಹೊಲಕ್ಕ ಹೊಡಿಯೋ ಔಷಧದ ಲಕ್ಷಣ ಬ್ಯಾರೆನೇ ಇರ್ತಾವ್ರಿ. ಇಲ್ಲಿ ಅವು ಕಾಣಲ್ಲ. ರಕ್ತ ನೋಡೂಣು."

ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು, ಕಿಡ್ನಿ ಕೆಲಸ ನಿಲ್ಲಿಸುತ್ತಿತ್ತು. ಸಲೈನ್ ಹಚ್ಚಿದರು. ನನ್ನ ಮುಖ ನೋಡಿ ಏನನ್ನಿಸಿತೋ, ಮನೆಯಲ್ಲಿ ಬೇರೆ ಪ್ರಾಣಿ ಇವೆಯೇ ಎಂದು ಕೇಳಿದರು. ಇದೇ ಊರಿನ ಗಾಜಿಪುರದಲ್ಲಿರುವ ನನ್ನ ಮನೆಗೆ ಎರಡು ಬೆಕ್ಕು ಬರುತ್ತವೆ ಎಂದೆ. "ಜ್ವರ ಬಂದಂಗ ಕಂಡ್ರ ನಮ್ಮ ಗುಳಿಗಿ ಕೊಡಬ್ಯಾಡ್ರಿ. ನಮ್ಮ ಜ್ವರದ ಗುಳಿಗಿ ಒಂದು ಚೂರು ಬೆಕ್ಕಿನ ಜೀವ ತೆಗಿತದ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಪಲ್ಯ ಬ್ಯಾಡ. ಚಾಕಲೇಟ್ ಬ್ಯಾಡ," ಎಂದರು. ನಮ್ಮ ಅಡುಗೆಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಪಲ್ಯವೇ ಇಲ್ಲ. ಉಳಿದದ್ದನ್ನು ಪ್ರೀತಿಯಿಂದಲೇ ಸುರಿಯುತ್ತೇವೆ.

ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ.

"ದ್ರಾಕ್ಷಿ ಅಣ್ಣಾ. ಯಾರೂ ವಿಷ ಹಾಕಿಲ್ಲ. ನಿನ್ನೆ ತಿನ್ನಿಸಿದ ದ್ರಾಕ್ಷಿ."

"ತಲಿ ಕೆಟ್ಟದೇನು ನಿಂದು? ದ್ರಾಕ್ಷಿ ತಿಂದು ನಾಯಿ ಸಾಯ್ತದ?"

"ಡಾಕ್ಟರ್ ಇಲ್ಲೇ ಅದಾರ, ಕೇಳು ಬೇಕಾದ್ರ."

"ಆ ಡಾಕ್ಟರ್ ಏನ್ ಇಲ್ಲಿ ಬಂದು ನೋಡ್ಯಾಳೇನು? ಕಂಪ್ಲೇಂಟ್ ಕೊಟ್ಟಾಗ್ಯದ. ಅಂವ ಬಸ್ಸಿಂದ ಇಳದ ಕೂಡಲೇ ಠಾಣೆಗಿ ಕರಿಸ್ತಾರ."

"ವಾಪಸ್ ತಗೋ. ಹೋಗಿ ಅವರ ಮನಿ ಮುಂದ ಹೇಳು, ತಪ್ಪಾಗ್ಯದ ಅಂತ."

ಅದಕ್ಕೆ ಅವನು ಆಡಿದ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

"ನಾ ಹೋಗಿ ಅವರ ಬಾಗಿಲದಾಗ ನಿಂದ್ರಲ್ಯಾ?"

ಬೈಯುವುದಕ್ಕೆ ಆ ಬಾಗಿಲು ಸರಿಹೋಗಿತ್ತು. ತಪ್ಪು ಒಪ್ಪುವುದಕ್ಕೆ ಅದು 'ಅವರ' ಬಾಗಿಲಾಗಿಬಿಟ್ಟಿತು. ನಾನು ಫೋನ್ ಇಟ್ಟುಬಿಟ್ಟೆ, ಇಲ್ಲದಿದ್ದರೆ ದವಾಖಾನೆಯಲ್ಲೇ ಕಿರುಚುತ್ತಿದ್ದೆ.

ನಾಯಿ ಉಳಿಯಲಿಲ್ಲ. ಮರುದಿನ ಮೂತ್ರ ಕಟ್ಟಿತು, ಮೈಯೆಲ್ಲ ಊದಿಕೊಂಡಿತು, ಡಾಕ್ಟರು ಇನ್ನು ಹಿಂಸೆ ಬೇಡ ಎನ್ನುವ ಹೊತ್ತಿಗೆ ತಾನೇ ಹೋಯಿತು. ಅದನ್ನು ಅದೇ ಕೌದಿಯಲ್ಲಿ ಸುತ್ತಿ ಕಮಲಾಪುರಕ್ಕೆ ತಂದು ಬೇವಿನ ಬುಡದಲ್ಲಿ ಹೂಳಿಸಿದೆ. ಅಣ್ಣ ಗಳಗಳನೆ ಅತ್ತ. ಅವನ ಅಳು ನಾಟಕವೇನಲ್ಲ. ಅಷ್ಟು ಅಳುವ ಮನುಷ್ಯನಿಗೆ ಹಿಂದಿನ ಮನೆಯವರೂ ಮನುಷ್ಯರಾಗಿ ಕಾಣಲಿಲ್ಲವಲ್ಲ!

ಅಲ್ಲಿಂದ ನಾನು ಠಾಣೆಗೆ ಹೋದೆ. ಡಾಕ್ಟರಿಗೆ ಫೋನ್ ಹಚ್ಚಿ ಅಲ್ಲಿದ್ದ ಸಾಹೇಬರ ಕೈಗೆ ಕೊಟ್ಟೆ. ಅವರು ಕೇಳಿಸಿಕೊಂಡು, "ಮೊದಲೇ ಹೇಳಬಾರದೇನ್ರಿ? ಆ ಕಂಡಕ್ಟರನ್ನ ಸುಮ್ಮನ ಕೂಡಿಸಿದ್ವಿ," ಎಂದು ನಕ್ಕರು. ಒಬ್ಬ ಮನುಷ್ಯ ಯೂನಿಫಾರ್ಮಿನಲ್ಲೇ ಠಾಣೆಯ ಬೆಂಚಿನ ಮೇಲೆ, ಕಳ್ಳರ ನಡುವೆ ಕೂತು ಎದ್ದು ಹೋಗಿದ್ದಾನೆ. ಇವರಿಗೆ ನಗು.

ಹಿಂದಿನ ಮನೆಯ ಬಾಗಿಲು ತಟ್ಟಿದಾಗ ಕಂಡಕ್ಟರನ ಹೆಂಡತಿ ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ನನ್ನ ಮಾತನ್ನೆಲ್ಲ ಕೇಳಿದಳು. ನಾಯಿ ಸತ್ತಿತೆಂದಾಗ ಕಣ್ಣು ಒರೆಸಿಕೊಂಡಳು. ಕ್ಷಮಿಸಿ ಎಂದಾಗ ಅವಳ ಮುಖ ಗಟ್ಟಿಯಾಯಿತು.

"ನೀವು ಹೇಳಿದ್ರ ಏನಾತ್ರಿ ಅಕ್ಕಾರ? ನಿಮ್ಮ ಅಣ್ಣ ಬೈದದ್ದು ಓಣಿ ತುಂಬ. ನೀವು ಹೇಳಾಕತ್ತಿದ್ದು ನನ್ನ ಕಿವ್ಯಾಗ."

ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನಾನು ಮೆಟ್ಟಿಲಿಳಿದು ಓಣಿಯ ನಡುವೆ ನಿಂತೆ. ಅಷ್ಟು ಜೋರಾಗಿ ಮಾತಾಡಿ ರೂಢಿ ಇಲ್ಲದವಳು ನಾನು.

"ಎಲ್ಲಾರೂ ಕೇಳ್ರಿ! ನಮ್ಮ ನಾಯಿಗಿ ಯಾರೂ ವಿಷ ಹಾಕಿಲ್ಲ. ನಮ್ಮ ಮನ್ಯಾಗ, ನಮ್ಮ ಕೈಲೇ ದ್ರಾಕ್ಷಿ ತಿನ್ನಿಸಿ ಸಾಯಿಸೀವಿ. ಈ ಮನಿಯವರ ಮ್ಯಾಲ ಹಾಕಿದ್ದು ಸುಳ್ಳು ಆರೋಪ!"

ಬಾಗಿಲುಗಳಲ್ಲಿ ಜನ ಕಾಣಿಸಿಕೊಂಡರು. ಸೋದರತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಣ್ಣ ಹೊರಗೆ ಬಂದು ನನ್ನನ್ನೊಮ್ಮೆ ದಿಟ್ಟಿಸಿ ಬಾಗಿಲು ಹಾಕಿಕೊಂಡ. ಬ್ಯಾಗನ್ನು ವೈನಿ ಹಿತ್ತಲ ಕಡೆಯಿಂದ ತಂದುಕೊಟ್ಟಳು. ನನ್ನ ಕೈ ಗಟ್ಟಿಯಾಗಿ ಒಮ್ಮೆ ಹಿಡಿದಳು.

ಅವ್ವ ಆಮೇಲೆ ಫೋನಿನಲ್ಲಿ ಅತ್ತಳು. "ಒಂದು ನಾಯಿ ಸಲುವಾಗಿ ಒಡಹುಟ್ಟಿದಂವನ ಮರ್ಯಾದಿ ತೆಗದೆಲ್ಲ ಮಗಳೇ." ಆ ಹೆಂಗಸಿನ ಮರ್ಯಾದೆ ಯಾರು ತೆಗೆದರು ಎಂದು ಕೇಳಿದೆ. "ಅವರದೇನದ ಬಿಡು," ಎಂದಳು ಅವ್ವ. ನನ್ನನ್ನು ಹೆತ್ತವಳು, ನನ್ನ ತಪ್ಪುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಬೆಳೆಸಿದವಳು, ಎಷ್ಟು ಸಲೀಸಾಗಿ ಅಂದುಬಿಟ್ಟಳು!

ಅಣ್ಣನ ಮಗಳ ಹೆರಿಗೆ ಕಲಬುರಗಿಯಲ್ಲೇ ಆಯಿತು. ನಾನು ಹೋದಾಗ ಅಣ್ಣ ವಾರ್ಡಿನಲ್ಲಿ ತೊಟ್ಟಿಲ ಪಕ್ಕ ನಿಂತಿದ್ದ. ಅವನೇ ಮೊದಲು ಮಾತು ತೆಗೆದ.

"ಆ ಡಾಕ್ಟರ್ ಹೇಳಿದ್ದು ಖರೇ ಇರಬಹುದು. ಮೊಬೈಲ್‌ದಾಗ ನೋಡ್ದೆ."

"ಹಂಗಾದ್ರ ಅವರ ಮನಿಗಿ ಹೋಗಿ ಹೇಳಿದ್ಯಾ?"

"ಕೂಸಿನ ಮುಂದ ಆ ಮಾತು ಯಾಕ ಈಗ?"

ನಾನು ಕೂಸಿನ ಕೆನ್ನೆ ಮುಟ್ಟಿ, ತಂದಿದ್ದ ಕುಲಾಯಿಯನ್ನು ಅದರ ತಲೆಗೆ ಹಾಕಿ, ಅಣ್ಣನ ಕಡೆ ನೋಡದೆ ಹೊರಗೆ ಬಂದೆ.