ಪಕ್ಕೀರಮ್ಮ ಟೀಚರ್ ಹೇಳುವ ಸುಳ್ಳುಗಳು

ಕೂಡ್ಲಿಗಿಯ ಅಂಗನವಾಡಿ ಟೀಚರ್ ಪಕ್ಕೀರಮ್ಮನಷ್ಟು ಸಲೀಸಾಗಿ ಸುಳ್ಳು ಹೇಳುವವರು ಸಂತೆಯಲ್ಲೂ ಸಿಗಲಾರರು. ಬೆಳಿಗ್ಗೆ ಮಕ್ಕಳು ಕೂರುತ್ತಲೇ ಶುರು: "ನಿನ್ನಿ ನಿಮಗ ಆನಿಮೊಟ್ಟಿ ಕೊಟ್ಟಿದ್ನಲ್ಲ?" "ಕೋಳಿಮೊಟ್ಟಿರೀ ಟೀಚರ್! ಈ ಕ್ರಾಂತಿ ತಂದು ಕೆಳಗ ಬೀಳಿಸಿ ಅತ್ತ!" ಎಂದು ಅವು ನಿನ್ನೆಯನ್ನೆಲ್ಲ ಬಿಚ್ಚಿಡುತ್ತವೆ. ಹೀಗೆ ಹೇಳಿಸದಿದ್ದರೆ ಎಳೆಯರಲ್ಲಿ ನೆನಪು ನಿಲ್ಲುವುದಿಲ್ಲವೆಂದು ಆಕೆಯ ನಂಬಿಕೆ; ಬಾಗಿಲಿಗೆ ಬರುವ ಆಡಿನ ಮರಿಯನ್ನೂ "ನಿನ್ನಿ ಯಾರ ಚಪ್ಪಲಿ ತಿಂದೆಲೇ?" ಎಂದು ವಿಚಾರಿಸುತ್ತಾಳೆ. ನಾಲ್ಕು ವರ್ಷದ ಸಮತಾಳಿಗಂತೂ ದಿನಾ ಒಂದು ಸುಳ್ಳು ಹೆಚ್ಚು. ಹೋದ ವರ್ಷ ತೀರಿಕೊಂಡ ತಾಯಿ ಮಗುವಿನ ಮನಸ್ಸಿನಿಂದಲೂ ಹೋಗಿಬಿಟ್ಟಾಳೆಂದು ಪಕ್ಕೀರಮ್ಮನಿಗೆ ಭಯ. "ನಿಮ್ಮವ್ವ ನಿನಗ ಬೈದು ಬೈದು ಉಣಿಸ್ತಿದ್ಲಲ್ಲ?" ಎಂದಳು ಇವತ್ತು. "ಇಲ್ರೀ!" ಸಮತಾ ಸೊಂಟಕ್ಕೆ ಕೈಯಿಟ್ಟಳು. "ಮೊದ್ಲ ತುತ್ತು ಗೊಂಬಿಗೆ, ಆಮ್ಯಾಲೆ ನನಗ." ಗೊಂಬೆಯ ಈ ಸಂಗತಿಯನ್ನು ಪಕ್ಕೀರಮ್ಮನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.