ಹನಿಯಪ್ಪನ ಇಳಿಜಾರು

ಬಸ್ ಡಿಪೋದಲ್ಲಿ ಅವನಿಗೆ ಹನಿಯಪ್ಪ ಅಂತ ಅಡ್ಡಹೆಸರು ಇಟ್ಟವರು ಯಾರೋ ಗೊತ್ತಿಲ್ಲ. ಹೆಸರು ಮಾತ್ರ ಅಂಟಿಕೊಂಡಿತು, ಕೊನೆಗೆ ಹೆಂಡತಿಯೂ ಹಾಗೇ ಕರೆದು ನಗುವಷ್ಟು. ಬೇರೆ ಚಾಲಕರ ಬಸ್ಸು ಕುಡಿಯುವಷ್ಟು ಡೀಸೆಲ್ಲನ್ನು ಅವನ ಬಸ್ಸು ಎಂದೂ ಕುಡಿಯಲಿಲ್ಲ. ಗುಟ್ಟು ಇಷ್ಟೇ: ಗುಡ್ಡದ ನೆತ್ತಿ ದಾಟಿದ ಕೂಡಲೇ ಗೇರನ್ನು ನ್ಯೂಟ್ರಲ್ಲಿಗೆ ತಂದು, ಇಂಜಿನ್ ಬಂದ್ ಮಾಡಿ, ಬಸ್ಸನ್ನು ಅದರ ಭಾರಕ್ಕೇ ಬಿಟ್ಟುಬಿಡುವುದು. ಗಡಗಡ ಸದ್ದು ನಿಂತ ಕೂಡಲೇ ಮಲಗಿದ್ದ ಮಕ್ಕಳು ಎದ್ದು ಕೂರುತ್ತಿದ್ದವು. ಹೀಗೆ ಮಾಡಬಾರದು ಅಂತ ಡಿಪೋದವರು ಬಾಯಲ್ಲಿ ಹೇಳಿದರು, ಡೀಸೆಲ್ ಉಳಿಸಿದ್ದಕ್ಕೆ ಅಂತ ಅದೇ ಕೈಯಲ್ಲಿ ಗೋಡೆ ಗಡಿಯಾರ ಬಹುಮಾನ ಕೊಟ್ಟರು. ಇಂಥ ಬುದ್ಧಿವಾದವನ್ನು ಯಾರು ಕೇಳುತ್ತಾರೆ?

ಚಾಲಕನಿಗೆ ನಿವೃತ್ತಿ ಬಂದರೂ ಅವನ ಬಲಗಾಲಿಗೆ ಬರುವುದಿಲ್ಲ. ಕುರ್ಚಿಯಲ್ಲಿ ಕೂತರೂ ಹನಿಯಪ್ಪನ ಪಾದ ನೆಲವನ್ನು ಒತ್ತುತ್ತ, ಬಿಡುತ್ತ ಇರುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಅದೊಂದು ಬಿಟ್ಟರೆ ಅವನಲ್ಲಿ ಬೇರೆ ಚಲನೆಯೇ ಇರಲಿಲ್ಲ. ಕರೆದರೆ ಬಂದು ಉಣ್ಣುತ್ತಿದ್ದ, ಕರೆಯದಿದ್ದರೆ ಇಲ್ಲ. ಮರುವರ್ಷವೇ ಅಳಿಯ, ಆಫೀಸಿನ ಮೆಟ್ಟಿಲ ಮೇಲೆ ಕುಸಿದು ಕೂತವನು, ಮತ್ತೆ ಏಳಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಮಗಳು ಒಂದು ಸೂಟ್‌ಕೇಸು ಮತ್ತು ಗಂಡನ ಕಾರಿನ ಜೊತೆ ಅಪ್ಪನ ಮನೆಗೆ ಬಂದಳು.

ಆ ಕಾರು ಸಂಸಾರಸ್ಥರದ್ದಲ್ಲ. ಎರಡೇ ಬಾಗಿಲು, ಕೆಂಪು ಬಣ್ಣ, ನೆಲಕ್ಕೆ ತಾಗಿಕೊಂಡಂಥ ಸೀಟು. ಹತ್ತಿದರೆ ಇಳಿಯಲು ಹನಿಯಪ್ಪನ ಮಂಡಿ ಒಪ್ಪುತ್ತಿರಲಿಲ್ಲ. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸಾಕು, ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ ಗುಟುರು ಹಾಕುತ್ತಿತ್ತು. ಅಳಿಯ ಅದನ್ನು ಹಳೆಯದಾಗಿಯೇ ಕೊಂಡು, ರಜಾದಿನಗಳಲ್ಲಿ ಸ್ನಾನ ಮಾಡಿಸಿ, ಮಗುವಿನಂತೆ ನೋಡಿಕೊಂಡಿದ್ದ. ಸೀಟನ್ನು ಅವನು ಹಿಂದಕ್ಕೆ ಸರಿಸಿಟ್ಟಿದ್ದ ಜಾಗದಿಂದ ಮುಂದಕ್ಕೆ ಎಳೆದುಕೊಳ್ಳಲು ಮಗಳಿಗೆ ಒಂದು ವಾರ ಹಿಡಿಯಿತು.

ಅವಳ ಮೈದುನ ಬಂದ. ಕಾರು ಮಾರಿಬಿಡಿ ಅತ್ತಿಗೆ, ಬಿಳಿಯಾನೆ ಸಾಕಿದ ಹಾಗೆ ಆಗುತ್ತೆ, ದಿನಾ ಗುಡ್ಡ ಹತ್ತಿ ಇಳಿದು ಕೆಲಸಕ್ಕೆ ಹೋಗುವವರಿಗೆ ಇದು ಹೇಳಿಸಿದ್ದಲ್ಲ, ಎಂದ. ಅವನು ಹೇಳಿದ್ದು ತಪ್ಪೇನಲ್ಲ. ಮಗಳು ಒಳಗೆ ಹೋಗಿ, ನಲ್ಲಿ ತಿರುಗಿಸಿ, ಆಗಲೇ ತೊಳೆದಿದ್ದ ಪಾತ್ರೆಗಳನ್ನು ಮತ್ತೆ ತೊಳೆದಳು. ಗಂಡನ ಬೆವರಿನ ವಾಸನೆ ಉಳಿದಿದ್ದ ಜಾಗ ಆ ಕಾರೊಂದೇ ಎಂಬುದು ಹನಿಯಪ್ಪನಿಗೆ ಗೊತ್ತಿತ್ತು. ಅವನು ಕುರ್ಚಿಯಿಂದ ಎದ್ದ. ಮೈಲೇಜು ತಾನೇ ತೊಂದರೆ, ಅದನ್ನು ನನಗೆ ಬಿಡು, ಸಾದಾ ಕಾರು ಕೊಡುವಷ್ಟು ಇದರಿಂದಲೂ ಹಿಂಡಿ ತೆಗೆಯುತ್ತೇನೆ, ಎಂದ. ಎಷ್ಟೋ ತಿಂಗಳ ಮೇಲೆ ಅವನ ಗಂಟಲಿನಿಂದ ಅಷ್ಟುದ್ದದ ಮಾತು ಬಂದಿತ್ತು.

ಪಾಠ ಮರುದಿನವೇ ಶುರುವಾಯಿತು. ವಾರಕ್ಕೆರಡು ಸಲ ಮಂಡಿಯ ವ್ಯಾಯಾಮಕ್ಕೆ ಅವನು ಗುಡ್ಡದಾಚೆಯ ಆಸ್ಪತ್ರೆಗೆ ಹೋಗಬೇಕಿತ್ತು, ಮಗಳ ಅಂಗಡಿಯೂ ಅದೇ ದಾರಿ. ಮೊದಲು ಡಿಕ್ಕಿ ಖಾಲಿ ಮಾಡಿಸಿದ. ಅಳಿಯ ತುಂಬಿಟ್ಟಿದ್ದ ಸ್ಪೀಕರ್ ಪೆಟ್ಟಿಗೆ, ಕಬ್ಬಿಣದ ಡಂಬಲ್ಲು ಇಳಿದವು. ಟೈರಿಗೆ ತಪ್ಪದೆ ಗಾಳಿ. ಕಾಲ ಕೆಳಗೆ ಹಸಿ ಮೊಟ್ಟೆ ಇದೆ ಅಂದುಕೋ, ಒಡೆಯಬಾರದು. ಇಂಜಿನ್ ಕೂಗುವ ಮೊದಲೇ ಗೇರು ಮೇಲಕ್ಕೆ ಹಾಕು. ದೂರದ ಸಿಗ್ನಲ್ ಕೆಂಪಾದದ್ದು ಕಂಡರೆ ಈಗಲೇ ಕಾಲು ತೆಗೆ, ಓಡಿ ಹೋಗಿ ನಿಲ್ಲುವುದು ಯಾವ ಸುಖಕ್ಕೆ? ಹನಿ ಹನಿ ಗೂಡಿದರೆ ಹಳ್ಳ. ಓಡಲು ಹುಟ್ಟಿದ ಕಾರು ತರಕಾರಿ ಗಾಡಿಯ ಹಿಂದೆ ಮೆಲ್ಲಗೆ ಹೋಗುತ್ತಿದ್ದರೆ ಬೈಕಿನ ಹುಡುಗರು ಪಕ್ಕಕ್ಕೆ ಬಂದು ಹಲ್ಲು ಕಿರಿಯುತ್ತಿದ್ದರು. ಮಗಳು ನಗುತ್ತಿದ್ದಳು. ತಿಂಗಳು ತುಂಬುವುದರೊಳಗೆ ಲೀಟರಿಗೆ ಒಂಬತ್ತಿದ್ದದ್ದು ಹದಿಮೂರಕ್ಕೆ ಬಂತು, ಮೈದುನನ ಫೋನೂ ನಿಂತಿತು.

ಅಷ್ಟಕ್ಕೇ ಸಾಕು ಅನ್ನಬಹುದಿತ್ತು. ಹನಿಯಪ್ಪನಿಗೆ ಗುಡ್ಡ ಕಾಣುತ್ತಿತ್ತು.

ನೆತ್ತಿ ದಾಟಿದ ಕೂಡಲೇ ನ್ಯೂಟ್ರಲ್ಲಿಗೆ ತಂದು ಕೀ ತಿರುಗಿಸಿ ಆಫ್ ಮಾಡು, ಎಂದ. ಮಗಳು ಕ್ಷಣ ಅವನ ಕಡೆ ನೋಡಿದಳು. ಆಮೇಲೆ ಹಾಗೇ ಮಾಡಿದಳು. ಗುಟುರು ನಿಂತಿತು. ಕಿಟಕಿಯಲ್ಲಿ ಬರೀ ಗಾಳಿ, ಕೆಳಗೆ ಟೈರಿನ ಸಣ್ಣ ಸದ್ದು. ಹನಿಯಪ್ಪ ಕಣ್ಣು ಮುಚ್ಚಿ, ಬಾಯಿ ತುಂಬ ನಕ್ಕು, ನಿಮ್ಮಮ್ಮ ಮೊದಲ ಸಲ ನನ್ನ ಬಸ್ಸು ಹತ್ತಿದಾಗ ಇಂಥದ್ದೇ ಇಳಿಜಾರಿನಲ್ಲಿ ಕಣೇ, ಬಸ್ಸು ಕೆಟ್ಟಿತು ಅಂತ ಸೀಟು ಬಿಟ್ಟು ಎದ್ದಿದ್ದಳು, ಎಂದ. ಅಂದಿನಿಂದ ಪ್ರತಿ ಸಲವೂ ಆ ನೆತ್ತಿಯಲ್ಲಿ ಹೆಂಡತಿಯ ಒಂದೊಂದು ಕಥೆ ಹೊರಬರುತ್ತಿತ್ತು. ಒಬ್ಬಳೇ ಹೋಗುವ ದಿನಗಳಲ್ಲೂ ಮಾಡುತ್ತೀಯಾ ಅಂತ ಕೇಳಿದರೆ ಮಗಳು ಹೂಂ ಅನ್ನುತ್ತಿದ್ದಳು. ಮೈಲೇಜಿನ ಮೀಟರು ಆ ದಿನಗಳಲ್ಲೂ ಅಷ್ಟೇ ತೋರಿಸುತ್ತಿತ್ತು. ಅದು ಯಾಕೆ ಹಾಗೆ ಎಂದು ಯೋಚಿಸುವಷ್ಟು ಬಿಡುವು ಅವನ ಸಂತೋಷಕ್ಕೆ ಇರಲಿಲ್ಲ.

ಅಪ್ಪ ಮಗಳು ಹೀಗೆ ಇಂಜಿನ್ ಆಫ್ ಮಾಡಿ ಇಳಿಯುತ್ತಿದ್ದ ಒಂದು ಬೆಳಿಗ್ಗೆ, ಎರಡನೆಯ ತಿರುವಿನಾಚೆ ಸಿಮೆಂಟಿನ ಲಾರಿಯೊಂದು ನಡುರಸ್ತೆಯಲ್ಲಿ ಕೆಟ್ಟು ನಿಂತಿತ್ತು. ಮಗಳು ಬ್ರೇಕ್ ಒತ್ತಿದಳು, ಹಿಡಿಯಿತು. ಬಿಟ್ಟು ಮತ್ತೆ ಒತ್ತಿದಳು, ಅರ್ಧ ಹಿಡಿಯಿತು. ಮೂರನೆಯ ಸಲ ಪೆಡಲು ಕಲ್ಲಾಗಿತ್ತು. ಸ್ಟೇರಿಂಗೂ ಹಾಗೇ, ಇಬ್ಬರು ಜಗ್ಗಿದರೂ ಬಾರದಷ್ಟು ಬಿಗಿ. ಅವಳು ಎದೆಯ ಬಲವನ್ನೆಲ್ಲ ಹಾಕಿ ಅದನ್ನು ಎಡಕ್ಕೆ ಎಳೆದಳು. ಅಪ್ಪ ಕೂತಿದ್ದ ಬದಿ ಲಾರಿಯಿಂದ ತಪ್ಪಿತು. ಅವಳ ಬದಿ ತಪ್ಪಲಿಲ್ಲ.

ಹನಿಯಪ್ಪನ ಹಣೆಗೆ ನಾಲ್ಕು ಹೊಲಿಗೆ ಬಿದ್ದವು. ಮಗಳ ಬಲಗಾಲನ್ನು ಮಂಡಿಯ ಮೇಲಿನಿಂದ ತೆಗೆದರು. ಪ್ರಜ್ಞೆ ಬಂದ ಮೇಲೆ ಪೊಲೀಸರು ಕೇಳಿದಾಗ ಅವಳು ಹೇಳಿದ್ದು ಒಂದೇ ಮಾತು, ಬ್ರೇಕ್ ಫೇಲ್ ಆಯಿತು. ಮೈದುನನಿಗೂ ಅದನ್ನೇ ಹೇಳಿದಳು. ಅವನು, ಆ ದರಿದ್ರ ಕಾರು ಅಣ್ಣನ ಹಿಂದೆಯೇ ಹೋಗಬೇಕಿತ್ತು ಎಂದು ಗೋಡೆಗೆ ಹಣೆ ಹಚ್ಚಿ ಅತ್ತ. ಪಕ್ಕದ ಬೆಂಚಿನಲ್ಲಿದ್ದ ಹನಿಯಪ್ಪ ಬಾಯಿ ಬಿಡಲಿಲ್ಲ. ಅಂದು ಬಾಯಿ ಬಿಡದಿದ್ದದ್ದು ಹೇಡಿತನವೇ, ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ.

ಕಾರಿನಲ್ಲಿ ಉಳಿದಿದ್ದ ಸಾಮಾನು ತರಲು ಗ್ಯಾರೇಜಿಗೆ ಹೋದ. ಮೆಕ್ಯಾನಿಕ್ ವಯಸ್ಸಾದವನು, ಅಳಿಯನಿಗೆ ಪರಿಚಯವಿದ್ದವನು. ಅವನು ಸುತ್ತಮುತ್ತ ನೋಡಿ ದನಿ ತಗ್ಗಿಸಿದ.

"ಬ್ರೇಕ್ ಸರಿಯಾಗೇ ಇದೆ ಯಜಮಾನ್ರೇ. ಕೀ ಆಫ್‌ನಲ್ಲಿತ್ತು."

ಹನಿಯಪ್ಪ ತಲೆಯಾಡಿಸಿದ. ಬಸ್ಸಿನಲ್ಲಿ ಇಂಜಿನ್ ನಿಂತರೂ ಬ್ರೇಕ್ ಹಿಡಿಯುತ್ತಿತ್ತಲ್ಲ ಅಂತ ಕೇಳಿದ. ಬಸ್ಸಿಗೆ ಗಾಳಿಯ ಟ್ಯಾಂಕ್ ಇರುತ್ತದೆ, ಇದಕ್ಕೆ ಇಂಜಿನ್ನೇ ಬಲ, ನಿಂತ ಮೇಲೆ ಎರಡು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ, ಎಂದ ಮೆಕ್ಯಾನಿಕ್. ಪೆಟ್ರೋಲಾದರೂ ಉಳಿಯುತ್ತಿತ್ತಾ ಅಂತ ಹನಿಯಪ್ಪ ಕೇಳಿದ. ಯಾಕೆ ಕೇಳಿದನೋ, ಕೇಳಿಬಿಟ್ಟ.

"ಏನ್ ಉಳಿಯುತ್ತೆ? ಗೇರಲ್ಲೇ ಇಟ್ಟು ಕಾಲು ತೆಗೆದ್ರೆ ಇಳಿಜಾರಲ್ಲಿ ಇದು ತಾನಾಗೇ ಪೆಟ್ರೋಲ್ ನಿಲ್ಲಿಸಿಕೊಳ್ಳುತ್ತೆ. ಒಂದು ಹನಿನೂ ಕುಡಿಯಲ್ಲ."

ಹನಿಯಪ್ಪ ಸಾಮಾನಿನ ಚೀಲ ಮರೆತು ಹೊರಟ. ಮನೆಗೆ ಹೋಗಲಿಲ್ಲ. ನೇರ ವಾರ್ಡಿಗೆ ಹೋಗಿ ಮಗಳ ಮಂಚದ ಪಕ್ಕ ಕೂತ. ಕಿಟಕಿಯ ಬಿಸಿಲು ಅವಳ ಮುಖದ ಮೇಲಿತ್ತು. ಬರುವ ದಾರಿಯಲ್ಲೆಲ್ಲ ಜೋಡಿಸಿಕೊಂಡಿದ್ದ ಮಾತು ಚೆಲ್ಲಾಪಿಲ್ಲಿಯಾಗಿ ಬಂತು. ನಾನೇ ನಿನ್ನ ಕಾಲು ತೆಗೆದೆ, ಪೊಲೀಸರಿಗೆ ನಾನೇ ಹೇಳುತ್ತೇನೆ, ಎಂದ. ಆಮೇಲೆ ಹೇಳಲಾರದೆ ಹೇಳಿದ:

"ಅದರಿಂದ ಏನೂ ಉಳೀತಿರಲಿಲ್ಲ ಕಣಮ್ಮ. ಒಂದು ಹನಿ ಕೂಡ."

ಮಗಳು ಬಿಸಿಲಿನಿಂದ ಮುಖ ಅವನ ಕಡೆ ತಿರುಗಿಸಿದಳು.

"ಗೊತ್ತಿತ್ತಪ್ಪ," ಎಂದಳು. "ಕಾರು ಕಲಿಸುವಾಗಲೇ ಅವರು ಹೇಳಿಕೊಟ್ಟಿದ್ರು. ಒಬ್ಬಳೇ ಹೋಗುವಾಗ ನಾನು ಯಾವತ್ತೂ ಆಫ್ ಮಾಡಿಲ್ಲ."

"ಮತ್ತೆ ನಾನಿದ್ದಾಗ ಯಾಕೆ ಮಾಡ್ದೆ?"

"ಅಮ್ಮ ಹೋದ್ಮೇಲೆ ನೀನು ನಕ್ಕಿದ್ದು ಅಲ್ಲೊಂದೇ ಕಡೆ."

ಹನಿಯಪ್ಪನಿಗೆ ಅಳು ಬರಲಿಲ್ಲ, ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹೊದಿಕೆ ಪಕ್ಕಕ್ಕೆ ಜಾರಿತ್ತು. ಅದನ್ನು ಸರಿಮಾಡಲು ಎದ್ದು, ಎಡಗಾಲಿನ ಸುತ್ತ ಸಿಕ್ಕಿಸಿ, ಬಲಗಡೆಗೂ ಕೈ ಚಾಚಿದ. ಅಲ್ಲಿ ಹೊದಿಕೆ ಚಪ್ಪಟೆಯಾಗಿ ಹಾಸಿಗೆಗೆ ತಾಗಿತ್ತು. ಅಲ್ಲೂ ಅಂಚು ಎಳೆದು ನೀಟಾಗಿ ಸಿಕ್ಕಿಸಿದ.